ರೂಟರ್ ಆಫ್ ಮಾಡಿ, ಮನೆ ಸುತ್ತಿ ನೋಡಿ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನಮ್ಮ ಮನೆ ಗೀಸರ್ ಆನ್ ಆಗಲಿಲ್ಲ. ಕರೆಂಟ್ ಇತ್ತು. ಗೀಸರ್ ಕೂಡ ಸರಿಯಾಗಿತ್ತು. ಐದೂವರೆಗೆ ತಾನೇ ಆನ್ ಆಗಲಿ ಅಂತ ನಾನು ಹಾಕಿದ್ದ ಸ್ಮಾರ್ಟ್ ಪ್ಲಗ್ ಸುಮ್ನೆ ಕೂತಿತ್ತು. ಆ್ಯಪ್ ತೆಗೆದರೆ ಮತ್ತೆ ಲಾಗಿನ್ ಆಗಿ ಅಂದಿತು. ನಂಬರ್ ಕೊಟ್ಟೆ, ಓಟಿಪಿ ಬರಲೇ ಇಲ್ಲ. ‘ನೀರು ಕಾಯಿಸೋಕೂ ಓಟಿಪಿ ಬೇಕೇನೋ?’ ಅಂತ ಅಮ್ಮ ಬಚ್ಚಲ ಒಲೆಗೆ ಸೌದೆ ಇಟ್ಟರು. ನಾಲ್ಕು ದಿನ ತಡಕಾಡಿದ ಮೇಲೆ ಗೊತ್ತಾಯಿತು, ಆ ಪ್ಲಗ್ ಮಾರಿದ ಕಂಪನಿ ಸರ್ವರ್ ಬಂದ್ ಮಾಡಿ ಎದ್ದು ಹೋಗಿತ್ತು. ಐದನೇ ದಿನ ಸ್ಟೂಲ್ ಹತ್ತಿ ನೋಡಿದರೆ ಪ್ಲಗ್ಗಿನ ಪಕ್ಕದಲ್ಲೇ ಪುಟ್ಟದೊಂದು ಗುಂಡಿ. ಒತ್ತಿದೆ, ಗೀಸರ್ ಆನ್ ಆಯಿತು. ಅದನ್ನು ಮೊದಲೇ ನೋಡಿದ್ದರೆ ನಾಲ್ಕು ದಿನದ ಸೌದೆ ಉಳಿಯುತ್ತಿತ್ತು.

ಕೈಗೆಟುಕುವ ದೂರದಲ್ಲಿರುವ ಪ್ಲಗ್ಗಿಗೆ ಎಲ್ಲೋ ಇರುವ ಸರ್ವರ್ ಯಾಕೆ ಬೇಕು? ನೀವು ಊರಲ್ಲಿ ಇಲ್ಲದಾಗಲೂ ಫೋನಿನಿಂದ ಅದನ್ನು ಆನ್ ಮಾಡಬೇಕು, ಅದಕ್ಕೆ. ಹೊರಗಿನಿಂದ ಬರುವ ಕರೆಯನ್ನು ಮನೆಯ ರೂಟರ್ ಒಳಗೆ ಬಿಡುವುದಿಲ್ಲ. ಹಾಗಾಗಿ ಪ್ಲಗ್ಗೇ ಹೊರಗೆ ಕಂಪನಿಯ ಕಂಪ್ಯೂಟರಿಗೆ, ಅಂದರೆ ಸರ್ವರಿಗೆ, ಕರೆ ಹಚ್ಚಿ, ಸಂಪರ್ಕ ಹಿಡಿದುಕೊಂಡೇ ಇರುತ್ತದೆ. ನಿಮ್ಮ ಫೋನ್ ಕೂಡ ಅದೇ ಕಂಪ್ಯೂಟರಿಗೆ ಹೇಳುತ್ತದೆ, ಅದು ಪ್ಲಗ್ಗಿಗೆ ದಾಟಿಸುತ್ತದೆ. ನೀವು ಪ್ಲಗ್ಗಿನ ಪಕ್ಕದಲ್ಲೇ ನಿಂತಿದ್ದರೂ ಎಷ್ಟೋ ಗ್ಯಾಜೆಟ್‌ಗಳಲ್ಲಿ ಮಾತು ಇದೇ ದಾರಿ ಸುತ್ತಿ ಬರುತ್ತದೆ.

ಆ ಕಂಪ್ಯೂಟರಿಗೆ ಕಂಪನಿ ತಿಂಗಳು ತಿಂಗಳು ಖರ್ಚು ಮಾಡಬೇಕು. ನಾವು ದುಡ್ಡು ಕೊಟ್ಟದ್ದು ಒಂದೇ ಸಲ. ವರ್ತನೆ ಹಾಲಿನವರಿಗೆ ಒಂದು ಸಲ ಕಾಸು ಕೊಟ್ಟು, ಇರುವ ತನಕ ಹಾಲು ಹಾಕಿ ಅಂದ ಹಾಗೆ. ಎಷ್ಟು ದಿನ ಹಾಕಿಯಾರು? ಅಮೆರಿಕದ ರಿವಾಲ್ವ್ ಕಂಪನಿ ಮನೆಯ ದೀಪ, ಬೀಗಗಳನ್ನು ಒಂದೇ ಕಡೆಯಿಂದ ನಡೆಸುವ ಪೆಟ್ಟಿಗೆಯೊಂದನ್ನು ಸುಮಾರು 300 ಡಾಲರಿಗೆ ಮಾರಿತ್ತು, ಸೇವೆ ಜೀವನಪೂರ್ತಿ ಅಂದಿತ್ತು. 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಅದನ್ನು ಕೊಂಡಿತು. 2016ರ ಮೇ 15ಕ್ಕೆ ಸರ್ವರ್ ಬಂದ್. ಯಾರ ಜೀವನ ಅಂತ ಮೊದಲೇ ಕೇಳಬೇಕಿತ್ತು, ಅಲ್ವಾ?

ಮೊದಲ ಕೆಲಸ: ಅರ್ಧ ಗಂಟೆಯ ಪರೀಕ್ಷೆ

ಒಂದು ಭಾನುವಾರ, ಮನೆಯಲ್ಲಿ ಯಾರಿಗೂ ಮೀಟಿಂಗ್ ಇಲ್ಲದ ಹೊತ್ತು ನೋಡಿಕೊಳ್ಳಿ. ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ನಿಮ್ಮ ರೂಟರ್ ಬೇರೆ, ಫೈಬರ್ ಪೆಟ್ಟಿಗೆ ಬೇರೆ ಇದ್ದರೆ, ಎರಡರ ನಡುವಿನ ಕೇಬಲ್ ಮಾತ್ರ ಕೀಳಿ. ಆಗ ಮನೆಯೊಳಗೆ ವೈಫೈ ಇರುತ್ತದೆ, ಹೊರಗಿನ ಇಂಟರ್ನೆಟ್ ಇರುವುದಿಲ್ಲ. ಈಗ ಒಂದೊಂದೇ ಗ್ಯಾಜೆಟ್ಟನ್ನು ಆ್ಯಪ್‌ನಿಂದ ಮುಟ್ಟಿ ನೋಡಿ. ಕೆಲಸ ಮಾಡಿದರೆ ಅದು ಮನೆಯೊಳಗೇ ಮಾತಾಡಬಲ್ಲದು ಎಂದರ್ಥ. ಸರ್ವರ್ ಹೋದರೂ ಅದು ಒಂದಷ್ಟು ದಿನ ಬದುಕುವ ಸಾಧ್ಯತೆ ಜಾಸ್ತಿ.

ಆಮೇಲೆ ರೂಟರನ್ನೇ ಆಫ್ ಮಾಡಿ, ಮನೆ ಸುತ್ತಿ. ಬಲ್ಬು ಗೋಡೆಯ ಸ್ವಿಚ್ಚಿನಿಂದ ಹತ್ತುತ್ತದಾ? ಬಾಗಿಲಿನ ಬೀಗ ಕೀಲಿಯಿಂದ ತೆರೆಯುತ್ತದಾ? ಕ್ಯಾಮೆರಾ ಒಳಗಿನ ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡುತ್ತಿದೆಯಾ? ಎಸಿಯ ಹಳೆ ರಿಮೋಟ್ ಎಲ್ಲಿದೆ? (ನಮ್ಮ ಮನೆಯಲ್ಲಿ ಅದು ಸಿಕ್ಕಿದ್ದು ದೇವರ ಮನೆಯ ಡ್ರಾಯರ್‌ನಲ್ಲಿ, ಸೆಲ್ ಸೋರಿ ಹಸಿರಾಗಿತ್ತು.)

ರೂಟರ್, ಫೈಬರ್ ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಆ ಹಳದಿ ಫೈಬರ್ ತಂತಿಗೆ ಮಾತ್ರ ಕೈ ಹಾಕಬೇಡಿ. ಅದು ಸೂಕ್ಷ್ಮ. ಎರಡನೇ ಪರೀಕ್ಷೆಯಷ್ಟೇ ಮಾಡಿದರೆ ಸಾಕು. ಇನ್ನೊಂದು ಮಾತು. ಪರೀಕ್ಷೆ ಮಾಡುವಾಗ ಯಾವ ಆ್ಯಪ್‌ನಿಂದಲೂ ಲಾಗೌಟ್ ಆಗಬೇಡಿ. ಎಷ್ಟೋ ಆ್ಯಪ್‌ಗಳು ಒಳಗಿದ್ದಾಗ ಮನೆಯೊಳಗಿನ ವೈಫೈಯಲ್ಲೇ ಕೆಲಸ ಮಾಡುತ್ತವೆ, ಹೊರಗೆ ಬಂದರೆ ಒಳಗೆ ಬಿಡಲು ಮತ್ತೆ ಸರ್ವರ್ ಕೇಳುತ್ತವೆ.

ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ: ಯಾವ ಗ್ಯಾಜೆಟ್, ಯಾವ ಆ್ಯಪ್, ಯಾವ ಮೇಲ್ ಐಡಿ. ಮೇಲ್ ಐಡಿ ಮುಖ್ಯ. ಸೇವೆ ನಿಲ್ಲಿಸುತ್ತೇವೆ ಎಂಬ ನೋಟಿಸ್ ಬರುವುದು ಅದಕ್ಕೇ. ನಮ್ಮ ಪರಿಚಯದ ಹಿರಿಯರೊಬ್ಬರ ಮನೆಯ ಕ್ಯಾಮೆರಾ ಅಕೌಂಟು ಅಮೆರಿಕದಲ್ಲಿರುವ ಮಗನ ಹಳೆ ಆಫೀಸ್ ಮೇಲ್‌ನಲ್ಲಿತ್ತು. ಅವನು ಆ ಕೆಲಸ ಬಿಟ್ಟೇ ಮೂರು ವರ್ಷವಾಗಿತ್ತು.

ನೋಟಿಸ್ ಬಂದರೆ ಏನು ಮಾಡಬೇಕು

ಎಷ್ಟು ದಿನ ಇದೆ ಅಂತ ಮೊದಲು ನೋಡಿ. ಬೆಲ್ಕಿನ್ ಕಂಪನಿ ತನ್ನ ವೀಮೋ ಪ್ಲಗ್, ಸ್ವಿಚ್ಚುಗಳ ಬಗ್ಗೆ 2025ರ ಜುಲೈಯಲ್ಲೇ ಹೇಳಿ 2026ರ ಜನವರಿ 31ರ ತನಕ ಟೈಮ್ ಕೊಟ್ಟಿತು. ಎದೆಗೆ ಸಿಕ್ಕಿಸಿಕೊಳ್ಳುವ 699 ಡಾಲರಿನ ಎಐ ಪಿನ್ ಮಾರಿದ ಹ್ಯೂಮೇನ್ ಕೊಟ್ಟದ್ದು ಬರೀ ಹತ್ತು ದಿನ. 2025ರ ಫೆಬ್ರುವರಿ 18ಕ್ಕೆ ಹೇಳಿ 28ಕ್ಕೆ ಮುಚ್ಚಿತು. ಆಮೇಲೂ ಕೆಲಸ ಮಾಡುವುದೇನು ಅಂದರೆ, ಬ್ಯಾಟರಿ ಎಷ್ಟಿದೆ ಅಂತ ನೋಡಬಹುದು ಎಂದಿತು! ಮನೆಯ ದೀಪ, ಸ್ವಿಚ್ಚುಗಳನ್ನು ನಡೆಸುವ ಗ್ಯಾಜೆಟ್ ಮಾರುತ್ತಿದ್ದ ಇನ್‌ಸ್ಟಿಯಾನ್ ಕಂಪನಿ ಅಂತೂ 2022ರ ಏಪ್ರಿಲ್‌ನಲ್ಲಿ ಒಂದು ಮಾತೂ ಹೇಳದೆ ಸರ್ವರ್ ಆರಿಸಿತು.

ಟೈಮ್ ಇದ್ದರೆ ಮೊದಲು ಫೋಟೊ, ವಿಡಿಯೊ, ನಡಿಗೆ ಲೆಕ್ಕ, ಏನೇ ಇದ್ದರೂ ಇಳಿಸಿಕೊಳ್ಳಿ. ಹ್ಯೂಮೇನ್ ಗಡುವು ಮುಗಿದ ಮೇಲೆ ಗ್ರಾಹಕರ ಡೇಟಾ ಅಳಿಸುವುದಾಗಿ ಹೇಳಿತ್ತು. ನಂತರ ಗ್ಯಾಜೆಟ್ಟಿಗೆ ಬಾಕಿ ಇರುವ ಕೊನೆಯ ಅಪ್‌ಡೇಟ್ ಹಾಕಿ. ಎಷ್ಟೋ ಸಲ ಕಂಪನಿಗಳು ಹೋಗುವ ಮುಂಚೆ ಒಂದು ಕಿಟಕಿ ತೆರೆದಿಟ್ಟು ಹೋಗುತ್ತವೆ. ಗೂಗಲ್‌ನ ಸ್ಟೇಡಿಯಾ ಆಟದ ಸೇವೆ 2023ರ ಜನವರಿ 18ಕ್ಕೆ ನಿಂತಾಗ, ಅದರ ಕಂಟ್ರೋಲರನ್ನು ಮಾಮೂಲಿ ಬ್ಲೂಟೂತ್ ಕಂಟ್ರೋಲರ್ ಮಾಡಿಕೊಳ್ಳುವ ಅಪ್‌ಡೇಟ್ ಬಿಟ್ಟರು. ಅದಕ್ಕೂ ಗಡುವಿತ್ತು. ವೀಮೋದಲ್ಲೂ ಹಾಗೇ. ಫೋನಿನಿಂದ ಮನೆಯ ಗ್ಯಾಜೆಟ್ ನಡೆಸುವ ಆ್ಯಪಲ್‌ನ ಹೋಮ್‌ಕಿಟ್ ವ್ಯವಸ್ಥೆಗೆ ಮೊದಲೇ ಜೋಡಿಸಿಟ್ಟ ಪ್ಲಗ್ಗುಗಳು ನಡೆಯುತ್ತವೆ, ಉಳಿದ ಹೆಚ್ಚಿನವು ಇಲ್ಲ.

ಈ ಹಂತದಲ್ಲಿ ಜನ ಮಾಡುವ ದೊಡ್ಡ ತಪ್ಪು ರೀಸೆಟ್. ಏನೋ ಕೆಲಸ ಮಾಡುತ್ತಿಲ್ಲ ಅಂತ ಪಿನ್ ಚುಚ್ಚಿ ಫ್ಯಾಕ್ಟರಿ ರೀಸೆಟ್ ಮಾಡಿಬಿಡುತ್ತಾರೆ. ಸರ್ವರ್ ಬಂದ್ ಆದ ಮೇಲೆ ರೀಸೆಟ್ ಮಾಡಿದರೆ ಅದು ಹೊಸದರಂತೆ ಮತ್ತೆ ನೋಂದಣಿ ಕೇಳುತ್ತದೆ. ನೋಂದಣಿ ಮಾಡಿಸಿಕೊಳ್ಳಲು ಆ ಕಡೆ ಯಾರೂ ಇರುವುದಿಲ್ಲ. ಅರೆಜೀವ ಇದ್ದದ್ದು ಪೂರ್ತಿ ಹೋಗುತ್ತದೆ. ಅದೇ ಕಾರಣಕ್ಕೆ ವೈಫೈ ಹೆಸರು, ಪಾಸ್‌ವರ್ಡ್ ಕೂಡ ಬದಲಿಸಬೇಡಿ. ಹೊಸ ರೂಟರ್ ತಂದರೂ ಹಳೆ ಹೆಸರು, ಹಳೆ ಪಾಸ್‌ವರ್ಡೇ ಕೊಡಿ.

ದುಡ್ಡು ವಾಪಸ್ ಕೇಳಲು ನಾಚಿಕೆ ಬೇಡ

ಸ್ಪಾಟಿಫೈ ‘ಕಾರ್ ಥಿಂಗ್’ ಅಂತ ಕಾರಿಗೆ ಅಂಟಿಸುವ ಪುಟ್ಟ ಸ್ಕ್ರೀನ್ ಒಂದನ್ನು ಸುಮಾರು 90 ಡಾಲರಿಗೆ ಮಾರಿತ್ತು. 2024ರ ಡಿಸೆಂಬರ್ 9ಕ್ಕೆ ಅದು ನಿಲ್ಲುತ್ತದೆ, ರೀಸೆಟ್ ಮಾಡಿ ಇ-ತ್ಯಾಜ್ಯಕ್ಕೆ ಕೊಡಿ ಅಂತ ಮೊದಲು ಹೇಳಿದರು. ಜನ ಬಿಡಲಿಲ್ಲ, ಬಿಲ್ ಇದ್ದವರಿಗೆ ದುಡ್ಡು ವಾಪಸ್ ಬಂತು. ಲಾಜಿಟೆಕ್ ಕೂಡ ಟಿವಿಯಂಥವನ್ನು ಫೋನಿನಿಂದ ನಡೆಸುವ ತನ್ನ ಹಾರ್ಮನಿ ಲಿಂಕ್ ಪೆಟ್ಟಿಗೆಯನ್ನು 2018ರ ಮಾರ್ಚ್‌ನಲ್ಲಿ ನಿಲ್ಲಿಸುತ್ತೇವೆ ಅಂದು, ಬೈಗುಳ ತಿಂದ ಮೇಲೆ ಎಲ್ಲರಿಗೂ ಹೊಸ ಹಬ್ ಪುಕ್ಕಟೆ ಕೊಟ್ಟಿತು.

ಆದ್ದರಿಂದ ಬಿಲ್ ಎತ್ತಿಡಿ. ಪೆಟ್ಟಿಗೆಯ ಮೇಲೆ ‘ಎಲ್ಲಿಂದ ಬೇಕಾದರೂ ಆ್ಯಪ್‌ನಿಂದ ನಡೆಸಿ’ ಅಂತ ಬರೆದಿದ್ದರೆ ಅದರ ಫೋಟೊ ತೆಗೆದಿಡಿ. ನಿಮಗೆ ಮಾರಿದ್ದು ಆ ಮಾತನ್ನೇ. ಕಂಪನಿಗೆ ಮೇಲ್‌ನಲ್ಲೇ ಬರೆಯಿರಿ, ಫೋನಿನಲ್ಲಿ ಹೇಳಿದ್ದಕ್ಕೆ ಗುರುತು ಉಳಿಯುವುದಿಲ್ಲ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. 800 ರೂಪಾಯಿಯ ಬಲ್ಬಿಗೆ ಯಾರೂ ಅಷ್ಟು ದೂರ ಹೋಗುವುದಿಲ್ಲ, ನನಗೂ ಗೊತ್ತು. ಆದರೆ 20 ಸಾವಿರದ ಡೋರ್ ಲಾಕ್ ಆದರೆ ಹೋಗಿ. ಸೂಟ್‌ಕೇಸಿನಲ್ಲಿ ವಿದೇಶದಿಂದ ಬಂದ ಗ್ಯಾಜೆಟ್ಟಿಗೆ ಮಾತ್ರ ಈ ದಾರಿ ಕಷ್ಟ. ಇಲ್ಲಿ ಅದನ್ನು ಮಾರಿದವರೇ ಇರುವುದಿಲ್ಲ.

ಮತ್ತೆ ಎಬ್ಬಿಸಬಹುದಾ?

ಕೆಲವನ್ನು ಎಬ್ಬಿಸಬಹುದು. ಪೆಬಲ್ ಸ್ಮಾರ್ಟ್ ವಾಚ್ ಇದಕ್ಕೆ ಒಳ್ಳೆಯ ಉದಾಹರಣೆ. 2016ರ ಕೊನೆಗೆ ಕಂಪನಿ ಮುಚ್ಚಿತು, 2018ರ ಜೂನ್ 30ಕ್ಕೆ ಸರ್ವರ್ ನಿಂತಿತು. ಅಷ್ಟರಲ್ಲಿ ವಾಚ್ ಕಟ್ಟಿಕೊಂಡಿದ್ದವರೇ ಸೇರಿ ರೆಬಲ್ ಎಂಬ ತಮ್ಮದೇ ಸೇವೆ ಕಟ್ಟಿಕೊಂಡಿದ್ದರು. ಇನ್‌ಸ್ಟಿಯಾನ್ ಗ್ರಾಹಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರಲ್ಲೇ ಕೆಲವರು 2022ರ ಜೂನ್‌ನಲ್ಲಿ ಕಂಪನಿಯನ್ನೇ ಕೊಂಡು ಸರ್ವರ್ ಮತ್ತೆ ಹಚ್ಚಿದರು.

ನಮ್ಮ ನಿಮ್ಮಂಥವರಿಗೆ ಎಟುಕುವ ದಾರಿ ಹೋಮ್ ಅಸಿಸ್ಟೆಂಟ್. ಇದು 2013ರಿಂದ ಇರುವ, ಪುಕ್ಕಟೆ ಸಿಗುವ ತಂತ್ರಾಂಶ. ಮೂಲೆಗೆ ಬಿದ್ದ ಹಳೆ ಲ್ಯಾಪ್‌ಟಾಪಿನಲ್ಲೋ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲೋ ಹಾಕಿದರೆ, ಕಂಪನಿಯ ಸರ್ವರ್ ಮಾಡುತ್ತಿದ್ದ ಕೆಲಸವನ್ನು ಮನೆಯೊಳಗೇ ಮಾಡುತ್ತದೆ. ಜಿಗ್‌ಬೀ ಮಾದರಿಯ (ವೈಫೈ ಬದಲು ಬೇರೆ ರೇಡಿಯೊ ಪದ್ಧತಿಯಲ್ಲಿ ಮಾತಾಡುವ) ಬಲ್ಬು, ಸ್ವಿಚ್ಚುಗಳಾದರೆ ಅದಕ್ಕೆಂದೇ ಇರುವ ಒಂದು ಯುಎಸ್‌ಬಿ ಕಡ್ಡಿ ಸಿಕ್ಕಿಸಿದರೆ ಬಹುತೇಕ ಆಯಿತು. ವೈಫೈ ಗ್ಯಾಜೆಟ್‌ಗಳದ್ದು ಒಂದೊಂದು ಕತೆ. ಒಳಗೆ ಇಎಸ್‌ಪಿ 8266 ಅಥವಾ ಇಎಸ್‌ಪಿ 32 ಚಿಪ್ ಇದ್ದರೆ ಟಾಸ್ಮೋಟಾ ಎಂಬ ತಂತ್ರಾಂಶ ತುಂಬಿ ಕಂಪನಿಯ ಹಂಗು ತಪ್ಪಿಸಬಹುದು. ಇದು ಮಧ್ಯಾಹ್ನ ಕೂತು ಸಂಜೆಗೆ ಮುಗಿಯುವ ಕೆಲಸವಲ್ಲ, ಸುಳ್ಳು ಹೇಳುವುದಿಲ್ಲ. ನನಗೆ ಎರಡು ವಾರ ಹಿಡಿಯಿತು. ಪ್ಲಗ್ ಬಿಚ್ಚುವುದಾದರೆ ಗೋಡೆಯಿಂದ ಕಿತ್ತು, ಮೇಜಿನ ಮೇಲಿಟ್ಟು ಬಿಚ್ಚಿ. 230 ವೋಲ್ಟ್ ಇರುವಾಗ ಒಳಗೆ ಕೈ ಹಾಕಬೇಡಿ. ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದಿದ್ದರೆ ಈ ಪ್ಯಾರಾ ಮರೆತುಬಿಡಿ.

ಅಂಗಡಿಯಲ್ಲಿ ಕೇಳಬೇಕಾದ್ದು

‘ಇಂಟರ್ನೆಟ್ ಇಲ್ಲದಿದ್ದರೆ ಇದು ಏನೇನು ಮಾಡುತ್ತದೆ?’ ಮೊದಲ ಪ್ರಶ್ನೆ ಇದೇ ಇರಲಿ. ಸೇವೆ ಎಷ್ಟು ವರ್ಷ ಅಂತ ಕೇಳಿದರೆ ಅಂಗಡಿಯವರು ವಾರಂಟಿ ಕಾರ್ಡ್ ತೋರಿಸುತ್ತಾರೆ, ಅದು ಬೇರೆ ವಿಷಯ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2024ರಲ್ಲಿ 184 ಸ್ಮಾರ್ಟ್ ಉತ್ಪನ್ನಗಳ ಜಾಲತಾಣ ನೋಡಿದಾಗ, ಸುಮಾರು 89 ಶೇಕಡಾ ಕಡೆ ಅಪ್‌ಡೇಟ್ ಎಷ್ಟು ದಿನ ಎಂಬುದೇ ಸಿಗಲಿಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಸುರಕ್ಷತಾ ಅಪ್‌ಡೇಟ್ ಕನಿಷ್ಠ ಎಲ್ಲಿಯ ತನಕ ಎಂದು ಹೇಳಲೇಬೇಕೆಂಬ ಕಾನೂನಿದೆ. ಒಂದೇ ಮಾಡೆಲ್ ಅಲ್ಲೂ ಇಲ್ಲೂ ಮಾರಾಟವಾಗುತ್ತಿದ್ದರೆ ಆ ಕಂಪನಿಯ ಬ್ರಿಟನ್ ಪುಟ ನೋಡಿ, ದಿನಾಂಕ ಅಲ್ಲಿ ಸಿಗುತ್ತದೆ.

ಪೆಟ್ಟಿಗೆಯ ಮೇಲೆ ‘ಮ್ಯಾಟರ್’ ಗುರುತು ಇದ್ದರೆ ಒಳ್ಳೆಯದು. 2022ರಲ್ಲಿ ಬಂದ ಈ ಪದ್ಧತಿಯಲ್ಲಿ ಗ್ಯಾಜೆಟ್ ಮನೆಯೊಳಗಿನ ಜಾಲದಲ್ಲೇ ಮಾತಾಡುತ್ತದೆ, ಒಂದೇ ಕಂಪನಿಯ ಆ್ಯಪಿಗೆ ಕಟ್ಟಿ ಹಾಕಿರುವುದಿಲ್ಲ. ಕ್ಯಾಮೆರಾಕ್ಕೆ ಓಎನ್‌ವಿಐಎಫ್ ಅಥವಾ ಆರ್‌ಟಿಎಸ್‌ಪಿ ಇದೆಯಾ ಕೇಳಿ, ಇವು ಕಂಪನಿಯ ಆ್ಯಪ್ ಇಲ್ಲದೆಯೂ ಬೇರೆ ತಂತ್ರಾಂಶದಲ್ಲಿ ವಿಡಿಯೊ ನೋಡಲು ಬಿಡುವ ಪದ್ಧತಿಗಳು. ಬಾಗಿಲ ಬೀಗಕ್ಕೆ ಲೋಹದ ಕೀಲಿ ತೂತು ಇರಲೇಬೇಕು, ಇಲ್ಲದಿದ್ದರೆ ಬೇಡ. ದೀಪಕ್ಕೆ ಸ್ಮಾರ್ಟ್ ಬಲ್ಬಿಗಿಂತ ಸ್ವಿಚ್‌ಬೋರ್ಡಿನ ಹಿಂದೆ ಕೂರುವ ಪುಟ್ಟ ರಿಲೇ ನನಗೆ ಇಷ್ಟ. ಅದರ ಬುದ್ಧಿ ಹೋದರೂ ಗೋಡೆಯ ಸ್ವಿಚ್ ಸ್ವಿಚ್ಚಾಗಿಯೇ ಇರುತ್ತದೆ. ಸ್ಪೀಕರ್ ಆದರೆ ತಂತಿ ಸಿಕ್ಕಿಸುವ ತೂತು ನೋಡಿ. ಬೋಸ್ ತನ್ನ ಸೌಂಡ್‌ಟಚ್ ಸ್ಪೀಕರುಗಳ ಆನ್‌ಲೈನ್ ಸೇವೆ ನಿಲ್ಲಿಸುವುದಾಗಿ 2025ರಲ್ಲಿ ಹೇಳಿದಾಗ, ಆಕ್ಸ್ (ತಂತಿ) ಮತ್ತು ಬ್ಲೂಟೂತ್ ಮೊದಲಿನಂತೆಯೇ ನಡೆಯುತ್ತವೆ ಅಂದಿತು.

ತೋಟದ ಮೋಟರ್ ಇರುವವರಿಗೆ

ಬೋರ್‌ವೆಲ್ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರು ನಮ್ಮಲ್ಲಿ ಎಷ್ಟೋ ಜನ. ಅದರೊಳಗೆ ಒಂದು ಸಿಮ್. ಮನೆಯಿಂದ ಕಾಲ್ ಅಥವಾ ಎಸ್ಸೆಮ್ಮೆಸ್ ಹೋದರೆ ಮೋಟರ್ ಆನ್, ತ್ರೀ ಫೇಸ್ ಬಂದಿದೆಯೋ ಇಲ್ಲವೋ ಅಂತಲೂ ತಿಳಿಯುತ್ತದೆ. ಈ ಹಳೆ ಮಾದರಿಗೆ ಕಂಪನಿಯ ಸರ್ವರ್ ಬೇಡ. ಮಾಡಿದವನು ಅಂಗಡಿ ಮುಚ್ಚಿದರೂ ಮೋಟರ್ ನಿಲ್ಲುವುದಿಲ್ಲ. ಅದಕ್ಕೆ ಬೇಕಾದ್ದು ನೆಟ್‌ವರ್ಕ್ ಮಾತ್ರ. 2ಜಿ ಸ್ಟಾರ್ಟರಿಗೆ ಜಿಯೋ ಸಿಮ್ ಹಾಕಿದರೆ ನಡೆಯುವುದಿಲ್ಲ, ಜಿಯೋದಲ್ಲಿ 2ಜಿಯೇ ಇಲ್ಲ. ಏರ್‌ಟೆಲ್ 2020ರ ಹೊತ್ತಿಗೆ 3ಜಿ ಮುಚ್ಚಿ 2ಜಿ ಉಳಿಸಿಕೊಂಡಿತು. ಹೊಸದು ತರುವಾಗ 4ಜಿ ಇರುವುದನ್ನೇ ತನ್ನಿ. ‘ಆ್ಯಪ್ ಬೇಡ, ಕಾಲ್ ಮಾಡಿದರೆ ಅಥವಾ ಎಸ್ಸೆಮ್ಮೆಸ್ ಕಳಿಸಿದರೆ ಆನ್ ಆಗುತ್ತದಾ?’ ಅಂತ ಕೇಳಿ, ಅಂಗಡಿಯಲ್ಲೇ ಮಾಡಿಸಿ ನೋಡಿ. ಆ್ಯಪ್ ಒಂದರಲ್ಲೇ ನಡೆಯುವುದಾದರೆ ಬಿಟ್ಟು ಬನ್ನಿ. ಅಡಿಕೆ ತೋಟಕ್ಕೆ ಮಾರ್ಚ್‌ನಲ್ಲಿ ನೀರು ನಿಂತರೆ ಓಟಿಪಿ ಕಾಯುತ್ತಾ ಕೂರಲು ಆಗುವುದಿಲ್ಲ. ಪ್ಯಾನಲ್ಲಿನ ಹಸಿರು ಕೆಂಪು ಗುಂಡಿಗಳ ವೈರಿಂಗನ್ನು ಎಲೆಕ್ಟ್ರಿಶಿಯನ್ ಕಿತ್ತು ಹಾಕದಂತೆಯೂ ನೋಡಿಕೊಳ್ಳಿ.

ಕೊನೆಗೆ ಎಸೆಯುವುದೇ ಆದರೆ

ಈಗ ರೀಸೆಟ್ ಮಾಡಿ. ನಿಮ್ಮ ವೈಫೈ ಪಾಸ್‌ವರ್ಡ್ ಅದರೊಳಗೆ ಇರುತ್ತದೆ. ಕ್ಯಾಮೆರಾದ ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಬಿಸಿಲಿಗಿಡಬೇಡಿ.

ನಮ್ಮ ಗೀಸರಿಗೆ ಈಗ ಮಾಮೂಲಿ ಸ್ವಿಚ್ ಇದೆ, ಕೈಗೆಟುಕುವ ಎತ್ತರದಲ್ಲಿ. ಆ ಸ್ಮಾರ್ಟ್ ಪ್ಲಗ್ಗನ್ನು ಎಸೆದಿಲ್ಲ. ಅಡುಗೆಮನೆಯಲ್ಲಿ ಗ್ರೈಂಡರಿಗೆ ಹಾಕಿದ್ದೇವೆ. ದೋಸೆಗೆ ರುಬ್ಬುವಾಗ ಅಮ್ಮ ಅದರ ಪುಟ್ಟ ಗುಂಡಿ ಒತ್ತುತ್ತಾರೆ, ಅದು ಈಗಲೂ ನೀಲಿ ದೀಪ ಮಿಣುಕಿಸುತ್ತಾ ಸರ್ವರ್ ಹುಡುಕುತ್ತಿರುತ್ತದೆ.