ಸೋಮವಾರದ ಜಾಮ್: ತುಮಕೂರಿನ ಬಾರ್ ಮಹಡಿಯಲ್ಲಿ ಹಾಡಿಸುವ ಕೆಲಸ

ವಾರದಲ್ಲಿ ಯಾವ ದಿನ ವ್ಯಾಪಾರ ಮಂದವೋ ಅದೇ ದಿನವನ್ನು ಬಾರ್ ಮಾಲೀಕರು ಜಾಮ್, ಅಂದರೆ ಬಂದವರೆಲ್ಲ ಕೂಡಿ ಹಾಡಿ ನುಡಿಸುವ ಕೂಟ, ನಡೆಸುವ ನಮ್ಮಂಥವರಿಗೆ ಬಿಟ್ಟುಕೊಡುತ್ತಾರೆ. ನಮಗೆ ಸಿಕ್ಕಿದ್ದು ಸೋಮವಾರ. ಅವತ್ತು ಮಾಂಸ, ಮದ್ಯ ಮುಟ್ಟದ ಮನೆಗಳು ತುಮಕೂರಲ್ಲಿ ಬೇಕಾದಷ್ಟಿವೆ, ಶ್ರಾವಣದಲ್ಲಂತೂ ಕೇಳುವುದೇ ಬೇಡ. ನಮಗೂ ಅದೇ ಅನುಕೂಲವಾಯ್ತು. ಶನಿವಾರ ರಿಸೆಪ್ಷನ್, ಭಾನುವಾರ ಮುಹೂರ್ತ ಅಂತ ಊರೂರು ಸುತ್ತುವ ಆರ್ಕೆಸ್ಟ್ರಾದವರು ಕೈಗೆ ಸಿಗುವುದು ಸೋಮವಾರ ಸಂಜೆಯೇ. ಆಷಾಢದಲ್ಲಿ ಮದುವೆಗಳಿಲ್ಲ, ಹಾಡಲು ಬಂದವರ ಹೆಸರು ಬರೆಯಲು ಪುಟ ಸಾಲುವುದಿಲ್ಲ. ಗಣೇಶ ಕೂರಿಸಿದ ಮೇಲೆ ಎಲ್ಲರೂ ಪೆಂಡಾಲುಗಳ ಪಾಲು, ನಾವೂ ರಜೆ ಹಾಕುತ್ತೇವೆ.

ಹಗಲು ನನ್ನದು ಹಾರ್ಡ್‌ವೇರ್ ಅಂಗಡಿ, ಸಂಜೆ ಬೇಸ್ ಗಿಟಾರ್. ಬಿ.ಎಚ್. ರಸ್ತೆಯ ಒಂದು ಬಾರ್ ಅಂಡ್ ರೆಸ್ಟೋರೆಂಟಿನ ಮೇಲ್ಮಹಡಿಯಲ್ಲಿ ಓಪನ್ ಜಾಮ್ ನಡೆಸುತ್ತೇನೆ. ಅಲ್ಲಿ ಡ್ರಮ್ಸ್, ಆಂಪ್ಲಿಫೈಯರ್, ಕೀಬೋರ್ಡ್, ಮೈಕ್ ಎಲ್ಲ ಸಿದ್ಧ ಇರುತ್ತವೆ. ಹಾಡಲು, ನುಡಿಸಲು ಬರುವ ಯಾರೇ ಆದರೂ ಹೆಸರು ಬರೆಸಿ ಸರದಿ ಬಂದಾಗ ಹತ್ತಬಹುದು. ಬರುವವರಿಗೆ ಪ್ರವೇಶ ಶುಲ್ಕವಿಲ್ಲ, ಹಾಡಿದವರಿಗೆ ಸಂಭಾವನೆಯೂ ಇಲ್ಲ. ಮಾಲೀಕರು ದುಡ್ಡು ಕೊಡುವುದು ಬಂದವರಿಗೆಲ್ಲ ಹಿಂದೆ ನುಡಿಸುವ, ಹೌಸ್ ಬ್ಯಾಂಡ್ ಅನ್ನಿಸಿಕೊಂಡ ನಾವು ನಾಲ್ವರಿಗೆ ಮಾತ್ರ: ಡ್ರಮ್ಸ್, ಬೇಸ್, ಗಿಟಾರ್, ಕೀಬೋರ್ಡ್. ಜತೆಗೆ ರಾತ್ರಿ ಊಟ. ಹೌಸ್ ಬ್ಯಾಂಡ್ ಇಲ್ಲದೆ ಜಾಮ್ ಮಾಡಲು ಹೊರಟರೆ ಸಂಜೆ ಏಳಕ್ಕೆ ಐದು ಜನ ಗಿಟಾರ್ ಹಿಡಿದು ಬಂದು ಕೂರುತ್ತಾರೆ, ತಾಳ ಹಿಡಿಯುವವನು ಒಬ್ಬನೂ ಇರುವುದಿಲ್ಲ.

ಇನ್ನು ಪಟ್ಟಿ. ನನ್ನ ಪ್ರಕಾರ ಇಡೀ ಜಾಮ್ ನಿಂತಿರುವುದೇ ಇದರ ಮೇಲೆ. ಅಂಗಡಿಯ ಹಳೆ ಲೆಕ್ಕದ ಪುಸ್ತಕದಲ್ಲೇ ಹೆಸರು, ವಾದ್ಯ, ಹಾಡು, ಶ್ರುತಿ ಅಂತ ನಾಲ್ಕು ಕಾಲಂ ಎಳೆದಿದ್ದೇನೆ. ಒಬ್ಬರಿಗೆ ಎರಡು ಹಾಡು. ಆದರೆ ಬಂದ ಕ್ರಮದಲ್ಲೇ ಹತ್ತಿಸುವುದಿಲ್ಲ. ಮೊದಲ ಸಲ ಮೈಕ್ ಹಿಡಿಯುವವರನ್ನು ಜನ ಕಡಿಮೆ ಇರುವಾಗಲೇ, ನಾವು ನಾಲ್ವರೂ ಹಿಂದೆ ನಿಂತು ಹಾಡಿಸಿಬಿಡುತ್ತೇನೆ. ಕಾಲೇಜಿನ ಹೆಣ್ಣುಮಕ್ಕಳಿಗೂ ಅದೇ ಹೊತ್ತು; ಬಾರ್ ಅಂದರೆ ಮನೆಯಲ್ಲಿ ಒಪ್ಪುವುದು ಕಷ್ಟ, ಬರುವವರೇ ಬೆರಳೆಣಿಕೆ, ಅವರನ್ನು ಹೊತ್ತು ಮಾಡಿಸಿ ಕೂರಿಸುವುದು ತಪ್ಪು. ಎಂಟೂವರೆಗೆ ಟೇಬಲ್ ತುಂಬುತ್ತವೆ, ಆಗ ಪಳಗಿದ ಗಂಟಲು ಬೇಕು. ಒಂದು ನಿಧಾನದ ಭಾವಗೀತೆ ಆದ ಮೇಲೆ ಇನ್ನೊಂದು ಭಾವಗೀತೆ ಬಂದರೆ ಜನ ಬಿಲ್ ಕೇಳುತ್ತಾರೆ. "ಅಣ್ಣ, ನಾನಲ್ವಾ ಮೊದಲು ಬಂದಿದ್ದು?" ಅನ್ನುವ ತಕರಾರು ಪ್ರತಿ ವಾರ ಇದ್ದದ್ದೇ. ಬೈಸಿಕೊಳ್ಳುವುದೂ ನನ್ನ ಕೆಲಸವೇ.

ಗುರುತಿಲ್ಲದವರು ಕೂಡಿ ನುಡಿಸಲು ಒಂದು ಚೌಕಟ್ಟು ಬೇಕು. ಹೊರದೇಶದ ಪಬ್ಬುಗಳಲ್ಲಿ ಅದಕ್ಕೆ 12 ಬಾರ್ ಬ್ಲೂಸ್ ಇದೆ. ಇಲ್ಲಿ ಬಾರ್ ಅಂದರೆ ತಾಳದ ಒಂದು ಸುತ್ತು, ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ಅದರ ಸಂಖ್ಯೆ ಅದು ಯಾವ ಸ್ವರದಿಂದ ಶುರುವಾಗುತ್ತದೆ ಅನ್ನುವುದು: ನಾಲ್ಕು ಬಾರ್ ಒಂದನೇ ಕಾರ್ಡ್, ಎರಡು ಬಾರ್ ನಾಲ್ಕನೆಯದು, ಎರಡು ಮತ್ತೆ ಒಂದನೆಯದು, ಆಮೇಲೆ ಐದನೆಯದು, ನಾಲ್ಕನೆಯದು ಒಂದೊಂದು ಬಾರ್, ಕೊನೆಗೆ ಎರಡು ಬಾರ್ ಒಂದನೆಯದು. ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆ ಇದು ಬಾಯಿಪಾಠ. ಮಿಕ್ಕವರಿಗೆ ಮೂರೇ ಕಾರ್ಡಿನಲ್ಲಿ ಮುಗಿಯುವ ಜನಪದ ಗೀತೆಗಳು ಸಾಕು. ನಾನು ಬೆರಳೆತ್ತಿ ಒಂದು, ನಾಲ್ಕು, ಐದು ತೋರಿಸುತ್ತಾ ಹೋಗುತ್ತೇನೆ. ತಲೆ ಮುಟ್ಟಿಕೊಂಡರೆ ಪಲ್ಲವಿಗೆ ವಾಪಸ್, ಮುಷ್ಟಿ ಎತ್ತಿದರೆ ಮುಕ್ತಾಯ.

ನಮ್ಮ ಊರಿನದೇ ಆದ ಒಂದು ತೊಡಕು ಇದೆ. ಗುಬ್ಬಿ ವೀರಣ್ಣನವರ ಸೀಮೆ ಇದು, ಹಳ್ಳಿಹಳ್ಳಿಯಲ್ಲೂ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳಿದ್ದಾರೆ. ಅಂಥವರೊಬ್ಬರು ಒಂದು ಸೋಮವಾರ ಪೆಟ್ಟಿಗೆ ಸಮೇತ ಬಂದರು. ರಂಗಗೀತೆ, ಶ್ರುತಿ ಕಪ್ಪು ಎರಡು, ಅಂದರೆ ಪೆಟ್ಟಿಗೆಯ ಎರಡನೇ ಕಪ್ಪು ಮನೆ. ಗಿಟಾರ್ ಹುಡುಗ ಪಿಳಿಪಿಳಿ ನೋಡಿದ. "ಡಿ ಶಾರ್ಪ್ ಕಣೋ. ಮೊದಲನೇ ಫ್ರೆಟ್ಟಿಗೆ ಕೇಪೋ ಹಾಕಿ ಡಿ ನುಡಿಸು" ಅಂದೆ. ಕೇಪೋ ಅಂದರೆ ಗಿಟಾರಿನ ತಂತಿಗಳನ್ನೆಲ್ಲ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು. ಹಾಕಿದ, ಆದರೂ ಕಿವಿಗೆ ಕಿರಿಕಿರಿ. ಪೆಟ್ಟಿಗೆ ಹಳೆಯದು, ಟ್ಯೂನರ್ ತೋರಿಸುವುದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಹಾರ್ಮೋನಿಯಂ ರೀಡನ್ನು ಅಲ್ಲೇ ಕೂತು ತಿದ್ದಲಾಗುವುದಿಲ್ಲ, ಬಗ್ಗಬೇಕಾದವರು ನಾವೇ. ಮೇಷ್ಟ್ರು ಷಡ್ಜ ಹಿಡಿದು ಕೂತರು, ನಾವು ಒಂದೊಂದೇ ತಂತಿ ಏರಿಸಿಕೊಂಡೆವು, ಕೀಬೋರ್ಡಿನವನು ಮೆನುವಿಗೆ ಹೋಗಿ 440 ಹರ್ಟ್ಸ್ ಇದ್ದ ಪಿಚ್ಚನ್ನು, ಅಂದರೆ ಮೂಲ ಶ್ರುತಿಯನ್ನು, ಸ್ವಲ್ಪ ಮೇಲೆತ್ತಿದ. ಇನ್ನು ಅವರ ಆಲಾಪಕ್ಕೆ ತಾಳವೇ ಇಲ್ಲ. ಡ್ರಮ್ಮರಿಗೆ ಕಡ್ಡಿ ಕೆಳಗಿಡಲು ಹೇಳಿ, ನಾನು ಬೇಸಿನಲ್ಲಿ ಬರೀ ಷಡ್ಜ ಹಿಡಿದು ನಿಂತೆ. "ಹ್ಞಾ, ಈಗ ಬನ್ನಿ" ಅಂತ ಅವರು ಗೋಣು ಹಾಕಿದ ಮೇಲೆ ತಾಳ ಕೂಡಿಕೊಂಡಿತು. ಮೂಲೆ ಟೇಬಲ್ಲಿನಿಂದ ಬಂತು ನೋಡಿ ಒಂದು ಒನ್ಸ್‌ಮೋರ್! ಅಂದಿನಿಂದ ಗೋಡೆಗೆ ಒಂದು ಹಲಗೆ ತೂಗುಹಾಕಿದ್ದೇನೆ: ಬಿಳಿ ಒಂದು ಸಿ, ಕಪ್ಪು ಒಂದು ಸಿ ಶಾರ್ಪ್, ಹೀಗೆ ಬಿಳಿ ಏಳರವರೆಗೆ.

ಗಿಟಾರ್, ಡ್ರಮ್ ಕಡ್ಡಿ ಅವರವರೇ ತರಬೇಕು. ಟ್ಯೂನಿಂಗ್ ಕೆಳಗೇ ಮುಗಿಸಿ ಹತ್ತಬೇಕು. ರಿದಮ್ ಪ್ಯಾಡ್ (ತಟ್ಟಿ ತಾಳ ಹೊರಡಿಸುವ ಎಲೆಕ್ಟ್ರಾನಿಕ್ ವಾದ್ಯ) ಮತ್ತು ಡ್ರಮ್ಸ್ ಒಟ್ಟಿಗೆ ಬೇಡ, ಎರಡರಲ್ಲಿ ಒಂದು. ಸಿನಿಮಾದಲ್ಲಿ ನೋಡಿ ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವವರಿದ್ದಾರೆ. ಹಾಗೆ ಹಿಡಿದರೆ ಮೈಕ್ ಎಲ್ಲ ಕಡೆಯ ಸದ್ದನ್ನೂ ಎಳೆದುಕೊಳ್ಳುತ್ತದೆ, ಹಾಡುವವರ ಕಡೆ ತಿರುಗಿಸಿಟ್ಟ ಮಾನಿಟರ್ ಸ್ಪೀಕರ್ ಕುಂಯ್ ಅಂತ ಕೂಗುತ್ತದೆ. ಬೆರಳು ಹಿಡಿಯ ಮೇಲಿರಲಿ, ಬಾಯಿ ಹತ್ತಿರ ಇರಲಿ. ಗೋಬಿ ಮಂಚೂರಿ ತಿಂದ ಕೈ ತೊಳೆದು ಬನ್ನಿ ಅಂತಲೂ ಹೇಳಬೇಕಾಗಿ ಬಂದಿದೆ.

"ಯೂಟ್ಯೂಬಲ್ಲಿ ಟ್ರ್ಯಾಕ್ ಹಾಕಿ ಸಾರ್, ಹಾಡ್ತೀನಿ" ಅನ್ನುವವರನ್ನು ನಯವಾಗಿ ವಾಪಸ್ ಕಳಿಸುತ್ತೇನೆ. ಕರೋಕೆ ಬೇರೆ, ಇದು ಬೇರೆ. ಮಾತು ತೊದಲುವ ಹಂತಕ್ಕೆ ಬಂದವರ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ಆರಂಭದಲ್ಲೇ ಮಾಲೀಕರ ಹತ್ತಿರ ಇದನ್ನು ಮಾತಾಡಿಕೊಂಡಿದ್ದೆ, ಯಾಕೆಂದರೆ ಕುಡಿಸುವುದು ಅವರ ವ್ಯಾಪಾರ.

ಬಾರಿನಲ್ಲಿ ಸಿನಿಮಾ ಹಾಡು ಹಾಡಿಸಲು ಹಕ್ಕುಸ್ವಾಮ್ಯದ ಲೈಸೆನ್ಸ್ ಬೇಕು, ಹಾಡು ಬರೆದವರ, ರಾಗ ಹಾಕಿದವರ ಪರವಾಗಿ ಐಪಿಆರ್‌ಎಸ್ ಸಂಸ್ಥೆ ಅದನ್ನು ಕೊಡುತ್ತದೆ. ಆ ಖರ್ಚು ಮಾಲೀಕರದ್ದು ಅಂತ ಮೊದಲೇ ಮಾತಾಗಿದೆ. ಹೊತ್ತಿನ ವಿಷಯದಲ್ಲಿ ಮಾತ್ರ ನಾನೇ ಬಿಗಿ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ. ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಇದೆ, ನಮ್ಮದು ಮೂರು ಕಡೆ ತೆರೆದ ಮಹಡಿ, ಹಿಂದೆಯೇ ಮನೆಗಳು. ಒಂಬತ್ತೂಮುಕ್ಕಾಲಿಗೆ ಪಟ್ಟಿಯಲ್ಲಿ ಯಾರೇ ಉಳಿದಿರಲಿ, ಮುಷ್ಟಿ ಎತ್ತುತ್ತೇನೆ. ಉಳಿದವರಿಗೆ ಮುಂದಿನ ವಾರ ಮೊದಲ ಸರದಿ.

ಬೆಂಗಳೂರಿಗೆ ಓಡಾಡಿ ಕೆಲಸ ಮಾಡುವವರು ಸಂಜೆ ರೈಲಿಳಿದು ನೇರ ಬಂದರೆ ಒಂದು ಗಿಟಾರ್ ಕೊಡುತ್ತೇವೆ, ಹೆಸರನ್ನು ಮುಂಚೆಯೇ ಫೋನಿನಲ್ಲಿ ಬರೆಸಿದ್ದರೆ ಸಾಕು. ಗಿಟಾರಿನವರಿಗೇನೂ ಬರವಿಲ್ಲ. ಡ್ರಮ್ಸ್ ಬಾರಿಸುವವರು ಬರಲಿ. ನಮ್ಮವನು ಆರೂವರೆಗೆ ಕೂತರೆ ಊಟಕ್ಕೂ ಏಳಲಾಗುತ್ತಿಲ್ಲ.