ಪಂಚಾಂಗ ಹಿಡಿದು ವಿಯೆಟ್ನಾಂ ಸುತ್ತಿದ್ದು

2024ರ ಮಾರ್ಚ್ 19ರಂದು ಹೋ ಚಿ ಮಿನ್ ನಗರದಲ್ಲಿ ಇಳಿದಾಗ ನನ್ನ ಬೆನ್ನಿನ ಚೀಲ ಏಳು ಕಿಲೋ ಮೀರಿರಲಿಲ್ಲ. ಮೂರು ಜೊತೆ ಬಟ್ಟೆ, ಒಂದು ಮಳೆಯಂಗಿ, ಎರಡು ಪೊಟ್ಟಣ ಚಟ್ನಿಪುಡಿ, ಒಂದಿಷ್ಟು ತೆಳು ಅವಲಕ್ಕಿ, ಇವುಗಳ ಜೊತೆಗೆ ಫೋನಿನಲ್ಲಿ ನಮ್ಮ ಅಡುಗೆಮನೆಯ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರಿನ ಮಾರ್ಚ್ ಮತ್ತು ಏಪ್ರಿಲ್ ಹಾಳೆಗಳ ಫೋಟೋ ಇತ್ತು. ಇಪ್ಪತ್ತೈದು ಡಾಲರಿನ ಇ-ವೀಸಾ ತೊಂಬತ್ತು ದಿನಗಳವರೆಗೆ ಸಿಗುತ್ತದೆಯಾದರೂ ನನ್ನ ರಜೆ ಇದ್ದದ್ದು ಇಪ್ಪತ್ತಮೂರು ದಿನ.

ಪಂಚಾಂಗವನ್ನು ಒಯ್ದದ್ದು ಭಕ್ತಿಯಿಂದಲ್ಲ, ಹೊಟ್ಟೆಪಾಡಿಗಾಗಿ. ನಾನು ಸಸ್ಯಾಹಾರಿ, ಮೊಟ್ಟೆಯನ್ನು ಮಾತ್ರ ಕಾಲೇಜಿನ ದಿನಗಳಲ್ಲಿ ರೂಢಿಸಿಕೊಂಡಿದ್ದೇನೆ. ವಿಯೆಟ್ನಾಮಿನಲ್ಲಿ ಮಾಂಸವನ್ನು ದೂರವಿಡುವುದು ಸುಲಭ, ಆದರೆ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸುವ ನುಅಕ್ ಮಾಮ್ ಎಂಬ ರಸವು ನಮ್ಮ ಒಗ್ಗರಣೆಯಂತೆ ಪ್ರತಿಯೊಂದು ಅಡುಗೆಯಲ್ಲೂ ಇರುವುದರಿಂದ ಬರಿಯ ಸೊಪ್ಪಿನ ಪಲ್ಯವನ್ನೂ ನಂಬುವಂತಿಲ್ಲ. ಹೊರಡುವ ಮೊದಲು ಓದಿ ತಿಳಿದುಕೊಂಡ ಎರಡು ಸಂಗತಿಗಳ ಮೇಲೆ ನನ್ನ ಇಡೀ ಪ್ರವಾಸದ ಲೆಕ್ಕ ನಿಂತಿತ್ತು. ಅಲ್ಲಿನ ಅನೇಕ ಬೌದ್ಧರು ಚಾಂದ್ರಮಾಸದ ಒಂದನೆಯ ಮತ್ತು ಹದಿನೈದನೆಯ ದಿನ ಮಾಂಸ, ಮೀನು ಬಿಡುತ್ತಾರೆ, ಆ ದಿನಗಳಲ್ಲಿ ಸಸ್ಯಾಹಾರವು ಬೀದಿಬದಿಯಲ್ಲೇ ಸಿಗುತ್ತದೆ. ಹಾಗೆಯೇ ಹೋಯಿ ಆನ್ ಎಂಬ ಹಳೆಯ ಬಂದರು ಪಟ್ಟಣದಲ್ಲಿ ಪ್ರತಿ ಮಾಸದ ಹದಿನಾಲ್ಕನೆಯ ರಾತ್ರಿ ವಿದ್ಯುದ್ದೀಪಗಳನ್ನು ಆರಿಸಿ ಕಂದೀಲು ಹಚ್ಚುತ್ತಾರೆ. ಒಂದು ಎಂದರೆ ಪಾಡ್ಯ, ಹದಿನಾಲ್ಕು ಎಂದರೆ ಚತುರ್ದಶಿ, ಹದಿನೈದು ಎಂದರೆ ಹುಣ್ಣಿಮೆ. ಇದರಲ್ಲಿ ಯಾರನ್ನಾದರೂ ಕೇಳುವುದೇನಿದೆ ಎಂದುಕೊಂಡು ಚತುರ್ದಶಿಯಾದ ಮಾರ್ಚ್ 24ಕ್ಕೆ ಹೋಯಿ ಆನ್‌ನಲ್ಲಿ ಹಾಸಿಗೆ ಕಾದಿರಿಸಿದೆ.

ಸೈಗಾನ್‌ನಲ್ಲಿ (ಹೋ ಚಿ ಮಿನ್ ನಗರಕ್ಕೆ ಊರಿನವರ ಬಾಯಲ್ಲಿ ಈಗಲೂ ಅದೇ ಹೆಸರು) ಮೊದಲು ಕಲಿತದ್ದು ‘ಚಾಯ್’ ಎಂಬ ಪದವನ್ನು. ಅದರ ಅರ್ಥ ಸಸ್ಯಾಹಾರ. ‘ಕಮ್ ಚಾಯ್’ ಎಂದು ಬರೆದಿರುವ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕುಳಿತು ಉಣ್ಣಬಹುದು. ಗಾಜಿನ ಪೆಟ್ಟಿಗೆಯೊಳಗಿನ ಪಲ್ಯಗಳಲ್ಲಿ ಬೇಕಾದದ್ದನ್ನು ಬೆರಳು ಮಾಡಿ ತೋರಿಸಿದರೆ ಅನ್ನದ ಮೇಲೆ ಬಡಿಸುತ್ತಾರೆ. ನಾನು ಉಂಡ ಕಡೆಗಳಲ್ಲಿ ತಟ್ಟೆಗೆ ಮೂವತ್ತರಿಂದ ನಲವತ್ತು ಸಾವಿರ ಡಾಂಗ್ ಆಗುತ್ತಿತ್ತು. ಆಗ ನಮ್ಮ ಒಂದು ರೂಪಾಯಿಗೆ ಸುಮಾರು ಮುನ್ನೂರು ಡಾಂಗ್ ಇದ್ದುದರಿಂದ ಅದು ನೂರರಿಂದ ನೂರಮೂವತ್ತು ರೂಪಾಯಿ. ಸಾವಿರಗಳ ಈ ಲೆಕ್ಕ ಎರಡೇ ದಿನಕ್ಕೆ ಕೈಗೆ ಹತ್ತಿತಾದರೂ ನೋಟಿನ ಬಣ್ಣ ಕೈಕೊಟ್ಟಿತು. ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ಮುಸ್ಸಂಜೆಯಲ್ಲಿ ಎಳನೀರು ಕುಡಿದು ಐದು ಲಕ್ಷವನ್ನು ಕೊಟ್ಟು ನಡೆದುಬಿಟ್ಟಿದ್ದೆ. ಮಾರುತ್ತಿದ್ದ ಹೆಂಗಸು ಓಡಿ ಬಂದು ನನ್ನ ಚೀಲವನ್ನು ಹಿಂದಿನಿಂದ ಎಳೆದು ನಿಲ್ಲಿಸಿ, ನೋಟಿನ ಸೊನ್ನೆಗಳನ್ನು ಬೆರಳಿನಿಂದ ಒಂದೊಂದಾಗಿ ಎಣಿಸಿ ತೋರಿಸಿದಳು.

ಕುಚಿ ಸುರಂಗಗಳನ್ನು ನೋಡಲು ಹೋದಾಗ ಕೊನೆಯಲ್ಲಿ ಬೇಯಿಸಿದ ಮರಗೆಣಸನ್ನು ಕೊಡುತ್ತಾರೆ. ಯುದ್ಧಕಾಲದಲ್ಲಿ ಗೆರಿಲ್ಲಾಗಳು ನೆಲದಡಿಯಲ್ಲಿ ತಿನ್ನುತ್ತಿದ್ದುದು ಅದನ್ನೇ. ನೆಂಚಿಕೊಳ್ಳಲು ಕಡಲೆಕಾಯಿ, ಎಳ್ಳು, ಉಪ್ಪು, ಸಕ್ಕರೆ ಸೇರಿಸಿ ಕುಟ್ಟಿದ ಪುಡಿ. ಖಾರವೊಂದನ್ನು ಬಿಟ್ಟರೆ ಅದು ನನ್ನ ಚೀಲದಲ್ಲಿದ್ದ ಪುಡಿಯ ದಾಯಾದಿಯೇ ಸರಿ. ಮರುದಿನ ಯುದ್ಧ ಅವಶೇಷಗಳ ವಸ್ತುಸಂಗ್ರಹಾಲಯಕ್ಕೆ ಹೋದೆ. ಅಮೆರಿಕದ ಸೇನೆ ಕಾಡುಗಳ ಮೇಲೆ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ವಿಷದ ಪರಿಣಾಮಗಳನ್ನು ತೋರಿಸುವ ಕೋಣೆಯಿಂದ ಹೊರಬಂದ ಮೇಲೆ ಅಂದು ಏನೂ ತಿನ್ನಬೇಕೆನಿಸಲಿಲ್ಲ. ಅಲ್ಲಿಗೆ ಹೋಗುವವರು ಊಟ ಮುಗಿಸಿಕೊಂಡು ಹೋಗುವುದು ಒಳ್ಳೆಯದು.

ಸೈಗಾನ್‌ನಿಂದ ಹನೋಯ್‌ವರೆಗೆ 1,726 ಕಿಲೋಮೀಟರ್ ಉದ್ದದ ಒಂದೇ ಮೀಟರ್ ಗೇಜ್ ಹಳಿ ಇದೆ. ಫ್ರೆಂಚರ ಕಾಲದಲ್ಲಿ 1936ರಲ್ಲಿ ಪೂರ್ಣಗೊಂಡ ಈ ಮಾರ್ಗ ದೇಶವು ಇಬ್ಭಾಗವಾದಾಗ ತುಂಡಾಗಿ, 1976ರ ಡಿಸೆಂಬರ್ 31ರಂದು ಮತ್ತೆ ಕೂಡಿಕೊಂಡಿತು. ರಾತ್ರಿ ಹೊರಟ ರೈಲು ಮಾರ್ಚ್ 23ರ ಮಧ್ಯಾಹ್ನ ನನ್ನನ್ನು ಡಾ ನಾಂಗ್‌ನಲ್ಲಿ ಇಳಿಸಿತು. ಹೋಯಿ ಆನ್ ಅಲ್ಲಿಂದ ಮೂವತ್ತು ಕಿಲೋಮೀಟರ್ ಮಾತ್ರ. ಆದರೆ ನನ್ನ ಚತುರ್ದಶಿ ಮರುದಿನವಾದ್ದರಿಂದ ಅವಸರವಿಲ್ಲವೆಂದು ಅಲ್ಲೇ ಉಳಿದೆ. ಹಿಂದೆ ಈ ಭಾಗವನ್ನು ಆಳಿದ ಚಂಪಾ ರಾಜ್ಯದ ಚಾಮ್ ಜನರ ಶಿಲ್ಪಗಳ ವಸ್ತುಸಂಗ್ರಹಾಲಯದಲ್ಲಿ ಕುಣಿಯುವ ಶಿವನನ್ನು, ಗಣಪತಿಯನ್ನು, ಸಂಸ್ಕೃತದ ಶಾಸನಗಳನ್ನು ನೋಡುತ್ತ ಸಂಜೆಯಾಯಿತು. ಶನಿವಾರವಾದ್ದರಿಂದ ರಾತ್ರಿ ಒಂಬತ್ತಕ್ಕೆ ನದಿಯ ಮೇಲಿನ ಡ್ರ್ಯಾಗನ್ ಸೇತುವೆ ಬೆಂಕಿ ಉಗುಳುವುದನ್ನೂ ಜನಜಂಗುಳಿಯಲ್ಲಿ ನಿಂತು ನೋಡಿದೆ.

ಮರುದಿನ ಹೋಯಿ ಆನ್ ತಲುಪಿ, ಕಂದೀಲು ಹಚ್ಚುವುದು ಎಷ್ಟು ಗಂಟೆಗೆ ಎಂದು ವಸತಿಗೃಹದ ಹುಡುಗಿಯನ್ನು ಕೇಳಿದಾಗ ಅವಳು ಫೋನಿನಲ್ಲಿ ತಮ್ಮ ಪಂಚಾಂಗವನ್ನು ತೆಗೆದು ತೋರಿಸಿದಳು. ಅಂದು ಹದಿನೈದು. ಹದಿನಾಲ್ಕು ನಿನ್ನೆಯೇ ಆಗಿಹೋಗಿತ್ತು, ಅಂದರೆ ನಾನು ಮೂವತ್ತು ಕಿಲೋಮೀಟರ್ ಆಚೆ ನಿಂತು ಕಬ್ಬಿಣದ ಡ್ರ್ಯಾಗನ್ನಿನ ಬಾಯಿ ನೋಡುತ್ತಿದ್ದ ಹೊತ್ತಿನಲ್ಲಿ. ಅವಳ ಫೋನನ್ನೂ ನನ್ನ ಫೋನನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದ ಮೇಲೆ ತಪ್ಪು ತಿಳಿಯಿತು. ಸೂರ್ಯಚಂದ್ರರ ಸಂಯೋಗ ಸಂಭವಿಸುವ ದಿನವೇ ಅವರಿಗೆ ಮಾಸದ ಮೊದಲ ದಿನ. ನಮಗೆ ಅದು ಸಾಮಾನ್ಯವಾಗಿ ಅಮಾವಾಸ್ಯೆ, ಪಾಡ್ಯ ಮಾರನೆಯ ದಿನ. ಅದೇ ಮಾರ್ಚ್ 10 ನಮ್ಮ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯಾಗಿದ್ದರೆ ಅವರಲ್ಲಿ ಅದೇ ಒಂದನೆಯ ತಾರೀಕು. ಹಾಗಾಗಿ ಹದಿನಾಲ್ಕನೆಯ ದಿನಕ್ಕೂ ಅವರು ನಮಗಿಂತ ಒಂದು ದಿನ ಮುಂದಿದ್ದರು.

ಕಂದೀಲಿನ ರಾತ್ರಿ ತಪ್ಪಿತು, ಆದರೆ ಊಟದ ದಿನ ಕೈತಪ್ಪಿರಲಿಲ್ಲ. ಹದಿನೈದನೆಯ ದಿನವನ್ನು ಅವರು ‘ರಾಮ್’ ಎನ್ನುತ್ತಾರೆ. ಹಳದಿ ಬಣ್ಣದ ಮನೆಗಳ ಮುಂದೆ ಸಣ್ಣ ಮೇಜು ಹಾಕಿ, ಸೇವಂತಿಗೆ, ಬಾಳೆಹಣ್ಣಿನ ಚಿಪ್ಪು, ಒಂದು ಬಟ್ಟಲು ಅಕ್ಕಿ, ಊದುಬತ್ತಿ ಇಟ್ಟಿದ್ದರು. ಸಾಮಾನ್ಯವಾಗಿ ಹಂದಿಮಾಂಸದ ತುಂಡುಗಳ ಜೊತೆ ಬಡಿಸುವ ಕಾವ್ ಲಾವ್ ಎಂಬ ಆ ಊರಿನ ದಪ್ಪ ಶಾವಿಗೆ, ಅಂದು ಕರಿದ ತೋಫು ಮತ್ತು ಅಣಬೆಯ ಜೊತೆ ಸಿಕ್ಕಿತು. ಸಂತೆಯ ಹತ್ತಿರ ಒಬ್ಬ ಅಜ್ಜಿ ಆರು ಸಣ್ಣ ಕಾವಲಿಗಳನ್ನು ಇದ್ದಿಲ ಒಲೆಗಳ ಮೇಲೆ ಸಾಲಾಗಿ ಇಟ್ಟುಕೊಂಡು ಬಾನ್ ಸೆಯೋ ಹುಯ್ಯುತ್ತಿದ್ದಳು. ಅಕ್ಕಿಹಿಟ್ಟಿಗೆ ಅರಿಸಿನ ಬೆರೆಸಿದ ನೀರಾದ ಹಿಟ್ಟು. ಕಾದ ಎಣ್ಣೆಗೆ ಅದು ಬೀಳುವಾಗ ಬರುವ ಸದ್ದೇ ಅವರಿಗೆ ‘ಸೆಯೋ’, ನಮಗೆ ‘ಚುಂಯ್’. ದೋಸೆಯೆಂದೇ ನನ್ನ ಕೈ ಅದನ್ನು ಮುರಿಯಲು ಹೋದಾಗ ಅಜ್ಜಿ ಕೈ ತಡೆದು, ಒದ್ದೆ ಅಕ್ಕಿಹಾಳೆಯ ಮೇಲೆ ತುಂಡು ಇಟ್ಟು, ಅದರ ಮೇಲೆ ಲೆಟ್ಯೂಸ್, ಪುದೀನ, ಮತ್ತೆ ಹೃದಯದ ಆಕಾರದ ಒಂದು ಎಲೆಯನ್ನು ಹೇರಿ, ಬೀಡಿ ಸುತ್ತುವಷ್ಟು ಚುರುಕಾಗಿ ಸುತ್ತಿಕೊಟ್ಟಳು. ಮೊದಲ ತುತ್ತಿಗೇ ಹಸಿಮೀನಿನ ವಾಸನೆ. ಉಗುಳಲೂ ಆಗದೆ ನುಂಗಲೂ ಆಗದೆ ಕುಳಿತ ನನ್ನನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಆ ಎಲೆಯನ್ನು ಕಿತ್ತು ಉಜ್ಜಿ ನನ್ನ ಮೂಗಿಗೆ ಹಿಡಿದಳು: ವಾಸನೆ ಎಲೆಯದ್ದೇ. ಜ್ಯೆಪ್ ಕಾ ಎಂಬ ಆ ಸೊಪ್ಪಿನ ಹೆಸರಿನಲ್ಲೇ ‘ಕಾ’, ಅಂದರೆ ಮೀನು, ಇದೆ. ಸಸ್ಯವೊಂದು ಹೀಗೆ ವೇಷ ಹಾಕಬಲ್ಲದೆಂದು ನನಗೆ ಗೊತ್ತಿರಲಿಲ್ಲ; ಮೂರನೆಯ ದಿನದ ಹೊತ್ತಿಗೆ ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದೆ.

ಹೋಯಿ ಆನ್‌ನ ಜಪಾನೀ ಸೇತುವೆಯನ್ನು ಆಗ ಪೂರ್ತಿಯಾಗಿ ಬಿಚ್ಚಿ ದುರಸ್ತಿ ಮಾಡುತ್ತಿದ್ದರು. ತಗಡಿನ ಮಾಡಿನ ಒಳಗೆ ತೊಲೆಗಳ ರಾಶಿಯನ್ನು ಕಂಡು, ಇಡಿಯ ಸೇತುವೆಯನ್ನು ಇಪ್ಪತ್ತು ಸಾವಿರದ ನೋಟಿನ ಹಿಂಬದಿಯಲ್ಲಿ ನೋಡಿಕೊಂಡೆ. ಮೀ ಸನ್ ಹಾಗಲ್ಲ, ಅಲ್ಲಿ ಒಂದಿಡೀ ದಿನ ಕಳೆಯಬೇಕು. ಬೆಟ್ಟಗಳ ನಡುವಿನ ಆ ಬಟ್ಟಲಿನಲ್ಲಿ ನಾಲ್ಕನೆಯ ಶತಮಾನದಲ್ಲಿ ಚಂಪಾದ ದೊರೆ ಭದ್ರವರ್ಮನು ಭದ್ರೇಶ್ವರನೆಂಬ ಲಿಂಗವನ್ನು ಸ್ಥಾಪಿಸಿದ ಮೇಲೆ ಸುಮಾರು ಸಾವಿರ ವರ್ಷ ಇಟ್ಟಿಗೆಯ ಗುಡಿಗಳನ್ನು ಕಟ್ಟುತ್ತಲೇ ಇದ್ದರು. ಇಟ್ಟಿಗೆಗಳ ನಡುವೆ ಗಾರೆಯ ಗೆರೆಯೇ ಕಾಣದು. 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ಇಲ್ಲಿನ ಅತ್ಯುನ್ನತ ಗುಡಿ ಕುಸಿಯಿತು. ಬಾಂಬು ಬಿದ್ದ ಕುಳಿಗಳಲ್ಲಿ ಈಗ ಹುಲ್ಲು ಬೆಳೆದಿದೆ. ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಇಲ್ಲಿ ಸಂರಕ್ಷಣೆ ಮಾಡುತ್ತಿದ್ದಾಗ 2020ರಲ್ಲಿ ಮಣ್ಣಿನಡಿಯಿಂದ ಒಂಬತ್ತನೆಯ ಶತಮಾನದ ಏಕಶಿಲಾ ಶಿವಲಿಂಗವೊಂದು ಸಿಕ್ಕಿತು. ಬೆಳಿಗ್ಗೆ ಆರೂವರೆಗೆ ಹೋದರೆ ಪ್ರವಾಸಿ ಬಸ್ಸುಗಳು ಬರುವ ಮೊದಲಿನ ಎರಡು ಗಂಟೆ ನಿಮ್ಮದೇ. ನಾನು ಒಂದು ಗುಡಿಯ ನೆರಳಿನಲ್ಲಿ ಕುಳಿತು ಅವಲಕ್ಕಿಗೆ ಚಟ್ನಿಪುಡಿ ಕಲಸಿ ತಿಂದೆ.

ಡಾ ನಾಂಗ್‌ನಿಂದ ಹ್ವೆಗೆ ರೈಲಿನಲ್ಲಿ ಹೋಗುವವರು ಬಲಬದಿಯ ಕಿಟಕಿಯನ್ನೇ ಹಿಡಿಯಬೇಕು. ಹಾಯ್ ವಾನ್ ಕಣಿವೆಯಲ್ಲಿ ಹಳಿ ಬೆಟ್ಟಕ್ಕೂ ಕಡಲಿಗೂ ನಡುವೆ ತೂಗಾಡುತ್ತದೆ. 1802ರಿಂದ 1945ರವರೆಗೆ ರಾಜಧಾನಿಯಾಗಿದ್ದ ಹ್ವೆಯಲ್ಲಿ ಅರಮನೆಯ ಸಿಂಹಾಸನ ಮಂಟಪಕ್ಕೂ ದುರಸ್ತಿ ನಡೆದಿತ್ತು. ಆದರೆ ಬೌದ್ಧ ವಿಹಾರಗಳ ಈ ಊರಿನಲ್ಲಿ ಚಾಯ್ ಅಂಗಡಿಗಳು ತಿಥಿ ನೋಡದೆ ತೆರೆದಿರುತ್ತವೆ. ನದಿದಂಡೆಯ ಥಿಯೆನ್ ಮೂ ವಿಹಾರದ ಹಿತ್ತಲಿನಲ್ಲಿ ಒಂದು ಹಳೆಯ ನೀಲಿ ಆಸ್ಟಿನ್ ಕಾರು ನಿಂತಿದೆ. 1963ರ ಜೂನ್ 11ರಂದು ಭಿಕ್ಷು ಥಿಕ್ ಕ್ವಾಂಗ್ ಡುಕ್ ಸೈಗಾನ್‌ನ ನಾಲ್ಕುದಾರಿಯಲ್ಲಿ ಪದ್ಮಾಸನ ಹಾಕಿ ಆತ್ಮಾಹುತಿ ಮಾಡಿಕೊಳ್ಳಲು ಬಂದದ್ದು ಅದರಲ್ಲೇ.

ನಿನ್ ಬಿನ್ ತಲುಪಿದಾಗ ಕಂಡಕಂಡಲ್ಲಿ ‘ಕಮ್ ಚಾಯ್’ ಎಂಬ ಫಲಕಗಳಿದ್ದುದನ್ನು ನೋಡಿ ಹಿಗ್ಗಿದೆ. ಬಂದದ್ದು ಗರಿಗರಿಯಾದ ಅನ್ನದ ಬಿಲ್ಲೆ, ಮೇಲೆ ಆಡಿನ ಮಾಂಸದ ಗೊಜ್ಜು. ಫಲಕದ ಅಕ್ಷರದ ನೆತ್ತಿಯ ಮೇಲೆ ಒಂದು ಸಣ್ಣ ಗೀಟಿತ್ತು. ಆ ಗೀಟಿದ್ದರೆ ಸ್ವರ ಮೇಲೇರಿ ಪದದ ಅರ್ಥ ‘ಸೀದದ್ದು’ ಎಂದಾಗುತ್ತದೆ. ತಳ ಹಿಡಿದ ಅನ್ನವನ್ನೇ ಒಣಗಿಸಿ ಕರಿಯುವ ಈ ತಿನಿಸು ಆ ಊರಿನ ಹೆಮ್ಮೆ. ಗೊಜ್ಜನ್ನು ಹಿಂದಿರುಗಿಸಿ, ದುಡ್ಡು ಕೊಟ್ಟು, ಬಿಲ್ಲೆಯಷ್ಟನ್ನೇ ಬೇರೆ ತರಿಸಿಕೊಂಡು ಕಡಿದೆ. ತಾಮ್ ಕೋಕ್‌ನ ಗದ್ದೆಗಳ ನಡುವೆ ಕಾಲಿನಿಂದಲೇ ಹುಟ್ಟು ಹಾಕುವ ಹೆಂಗಸಿನ ದೋಣಿಯಲ್ಲಿ ಮೂರು ಗುಹೆಗಳ ಕೆಳಗೆ ಸಾಗಿದ್ದು ಇಡೀ ಪ್ರವಾಸದ ಅತ್ಯಂತ ನಿಶ್ಶಬ್ದವಾದ ಎರಡು ಗಂಟೆ.

ಹನೋಯ್‌ನಲ್ಲಿ ಜಿಟಿಜಿಟಿ ಮಳೆ, ಗೋಡೆಗಳೇ ಬೆವರುವ ತೇವ. ಕಾಫಿಗೆ ಅದಕ್ಕಿಂತ ಒಳ್ಳೆಯ ಹವೆ ಬೇಡ. ಸಕಲೇಶಪುರದ ತೋಟಗಳ ಪಕ್ಕದಲ್ಲಿ ಬೆಳೆದ ನನಗೆ ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವ ಈ ದೇಶದ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಅವರದು ಬಹುಪಾಲು ರೊಬಸ್ಟಾ. ‘ಫಿನ್’ ಎಂಬ ಫಿಲ್ಟರು ನಮ್ಮದರ ಮೇಲಿನ ಅಂತಸ್ತಿನಂತಿದ್ದು, ಲೋಟದ ಮೇಲೆಯೇ ಕೂರುತ್ತದೆ; ಡಿಕಾಕ್ಷನ್ ತೊಟ್ಟಿಕ್ಕುವುದು ಕೆಳಗಿನ ಗಟ್ಟಿ ಸಿಹಿಹಾಲಿನ ಮೇಲೆ. 1946ರಲ್ಲಿ ಹಾಲು ದುರ್ಲಭವಾಗಿದ್ದಾಗ ಹನೋಯ್‌ನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಙುಯೆನ್ ವಾನ್ ಜಾಂಗ್ ಮೊಟ್ಟೆಯ ಹಳದಿಯನ್ನು ನೊರೆಯಾಗಿ ಕಡೆದು ಕಾಫಿಯ ಮೇಲೆ ಹಾಕಿದರು. ಆ ಮೊಟ್ಟೆ ಕಾಫಿಯನ್ನು ಒಮ್ಮೆ ಕುಡಿಯಬಹುದು. ದಿನವೂ ಕುಡಿಯಲು ಸಿಹಿಹಾಲಿನದೇ ಸರಿ.

ಈ ಸಲ ತಾರೀಕು ತಪ್ಪಿಸಿಕೊಳ್ಳಬಾರದೆಂದು ಹೋಯಿ ಆನ್‌ನ ಪಾಠದಂತೆ ಒಂದು ದಿನ ಕಳೆದು ಲೆಕ್ಕ ಹಾಕಿದೆ. ಏಪ್ರಿಲ್ 8 ಅಮಾವಾಸ್ಯೆ, ಆದ್ದರಿಂದ ಅದೇ ಅವರ ಒಂದನೆಯ ದಿನ. ಬೆಳಿಗ್ಗೆಯೇ ಎದ್ದು ಕ್ವಾನ್ ಸು ವಿಹಾರಕ್ಕೆ ಹೋದರೆ ಅಂಗಳದಲ್ಲಿ ಒಬ್ಬಾಕೆ ಕಸ ಗುಡಿಸುತ್ತಿದ್ದಳು. ‘ಮುಂಗ್ ಮೋತ್?’, ಅಂದರೆ ಒಂದನೆಯ ದಿನವೇ, ಎಂದು ಕೇಳಿದೆ. ಆಕೆ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಾಳೆ ಎಂದು ಸನ್ನೆ ಮಾಡಿದಳು.

ನಾಳೆ ಎಂದರೆ ಏಪ್ರಿಲ್ 9, ನಮ್ಮ ಯುಗಾದಿ. ಅಂದು ವಿಹಾರದ ಬಾಗಿಲಲ್ಲಿ ಹೂವು, ವೀಳ್ಯದೆಲೆ, ಹಣ್ಣಿನ ತಟ್ಟೆ ಹಿಡಿದವರ ನೂಕುನುಗ್ಗಲು. ಎದುರಿನ ಅಂಗಡಿಯಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು ಸಿಗಲು ಕಾಲು ಗಂಟೆ ಕಾಯಬೇಕಾಯಿತು. ಟೊಮೆಟೊದಲ್ಲಿ ಬೆಂದ ತೋಫು, ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು, ಉಪ್ಪಿನಲ್ಲಿ ನೆನೆಸಿದ ಪುಟ್ಟ ಬದನೆಕಾಯಿ, ಅದೇ ಕಡಲೆಕಾಯಿ ಎಳ್ಳಿನ ಪುಡಿ. ಊಟದ ನಡುವೆ ಅಮ್ಮ ಫೋನು ಮಾಡಿದಳು. ಬೇವು ಬೆಲ್ಲ ಸಿಕ್ಕಿತೇ ಎಂದು ಕೇಳಿದ ಮೇಲೆ, ನಿನ್ನೆಯ ಪೆಚ್ಚಿನ ಕಥೆಯನ್ನು ಕೇಳಿಸಿಕೊಂಡು, ‘ಅಮಾವಾಸ್ಯೆ ಮುಗಿದದ್ದೇ ರಾತ್ರಿ ಹನ್ನೊಂದೂ ಐವತ್ತಕ್ಕೆ, ಕ್ಯಾಲೆಂಡರಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದೆಯಲ್ಲ’ ಎಂದಳು. ಫೋಟೋವನ್ನು ಹಿಗ್ಗಿಸಿ ನೋಡಿದೆ. ಬರೆದಿತ್ತು. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದು, ಹಾಗಾಗಿ ಸಂಯೋಗದ ಆ ಗಳಿಗೆ ಹನೋಯ್‌ನಲ್ಲಿ ಮಧ್ಯರಾತ್ರಿಯನ್ನು ದಾಟಿ 9ನೇ ತಾರೀಕಿನೊಳಗೆ ಬಿದ್ದಿತ್ತು. ನಲವತ್ತು ಸಾವಿರದ ಬಿಲ್ಲಿಗೆ ಎರಡು ನೀಲಿ ನೋಟುಗಳನ್ನು ತೆಗೆದು, ಎರಡರ ಹಿಂಬದಿಯಲ್ಲೂ ಸೇತುವೆ ಇದೆಯೆಂದು ಖಾತ್ರಿ ಮಾಡಿಕೊಂಡು ಕೊಟ್ಟೆ.