ಬೋಟಿನ ವಯರಿಂಗ್: ಯಾವ ವಯರಿಗೆ ಎಷ್ಟು ಆಂಪ್ಸ್ ಫ್ಯೂಸು?

ಕೇರಳದ ಕಡಲಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ. ಮಂಜೇಶ್ವರ, ಕಾಸರಗೋಡು ಕಡೆ ಬೋಟಿನ ಬಣ್ಣ, ಇಂಜಿನ್ ಕೆಲಸ ಎಲ್ಲ ಆಗಲೇ ಮುಗಿಯುತ್ತದೆ. ವಯರಿಂಗ್ ಮಾತ್ರ ‘ಬರುವ ವರ್ಷ ನೋಡುವ’ ಎಂದು ಉಳಿದುಬಿಡುತ್ತದೆ. ಈ ಸಲ ಫ್ಯೂಸಿನಿಂದ ಶುರು ಮಾಡಿ.

ಫ್ಯೂಸು ಇರುವುದು ಮುಖ್ಯವಾಗಿ ವಯರನ್ನು ಕಾಯಲು. ಜಿಪಿಎಸ್ ಹಾಳಾದರೆ ಬೇರೆ ತರಬಹುದು. ಇಂಜಿನ್ ರೂಮಿನಲ್ಲಿ ವಯರು ಹೊತ್ತಿಕೊಂಡರೆ ನಡುಗಡಲಲ್ಲಿ ಓಡುವುದೆಲ್ಲಿಗೆ? ಹಾಗಾಗಿ ಮೊದಲು ವಯರಿನ ದಪ್ಪ ನೋಡಬೇಕು. ತಾಮ್ರದ 1.5 ಸ್ಕ್ವೇರ್ ಎಂಎಂ ವಯರಿಗೆ 10 ಆಂಪ್ಸ್, 2.5ಕ್ಕೆ 15, 4ಕ್ಕೆ 20, 6ಕ್ಕೆ 30. ಇದಕ್ಕಿಂತ ದೊಡ್ಡ ಫ್ಯೂಸು ಬೇಡ. ಕಂಪನಿಯ ಪಟ್ಟಿಯಲ್ಲಿ ಹೆಚ್ಚು ಬರೆದಿರಬಹುದು, ಆದರೆ ಆ ಪಟ್ಟಿಗೆ ನಮ್ಮ ಇಂಜಿನ್ ರೂಮಿನ ಸೆಕೆಯೂ ಗೊತ್ತಿಲ್ಲ, ಹತ್ತು ವಯರು ಒಟ್ಟಿಗೆ ಕಟ್ಟಿದ್ದೂ ಗೊತ್ತಿಲ್ಲ.

ಇನ್ನೊಂದು ಕಡೆಯಿಂದ, ಉಪಕರಣ ನಿರಂತರವಾಗಿ ಎಳೆಯುವ ಕರೆಂಟು ಫ್ಯೂಸಿನ ಶೇ. 80 ದಾಟಬಾರದು. 12 ವೋಲ್ಟಿನ 25 ವ್ಯಾಟ್ ಬಲ್ಬು ಎರಡಿದ್ದರೆ ಸುಮಾರು 4.2 ಆಂಪ್ಸ್, 5 ಸಾಲದು, 7.5 ಹಾಕಿ. 25 ವ್ಯಾಟಿನ ವಿಎಚ್‌ಎಫ್ ವಯರ್‌ಲೆಸ್ ಸೆಟ್ ಮಾತಾಡುವಾಗ 5-6 ಆಂಪ್ಸ್ ಎಳೆಯುತ್ತದೆ, ಅದಕ್ಕೆ 10. ಸೆಟ್ಟಿನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ಬೋಟಿನ ತಳದ ನೀರು ಹೊರಹಾಕುವ ಬಿಲ್ಜ್ ಪಂಪಿನ ಲೆಕ್ಕ ಬೇರೆ. 5 ಆಂಪ್ಸಿನ ಪಂಪು ಬ್ಯಾಟರಿಯಿಂದ 6 ಮೀಟರ್ ದೂರ ಇದ್ದರೆ ಹೋಗಿ ಬರುವ ವಯರು 12 ಮೀಟರ್. 2.5ರ ವಯರಿನಲ್ಲಿ 0.42 ವೋಲ್ಟ್ ನಷ್ಟ, ಅಂದರೆ ಶೇ. 3.5. ಪಂಪಿಗೆ, ನ್ಯಾವಿಗೇಶನ್ ದೀಪಕ್ಕೆ ಈ ನಷ್ಟ ಶೇ. 3 ದಾಟಬಾರದು. 4ರ ವಯರು ಎಳೆದರೆ 0.26 ವೋಲ್ಟಿಗೆ ಇಳಿಯುತ್ತದೆ. ಈಗ ವಯರು 20 ಆಂಪ್ಸ್ ತಾಳುತ್ತದೆಂದು 20ರ ಫ್ಯೂಸು ಹಾಕಿದರೆ ಕೆಟ್ಟಿತು. ಬಲೆಯ ನೈಲಾನ್ ನೂಲು ಇಂಪೆಲ್ಲರಿಗೆ (ಪಂಪಿನೊಳಗೆ ತಿರುಗುವ ಚಕ್ರಕ್ಕೆ) ಸುತ್ತಿ ಪಂಪು ನಿಂತಾಗ ಕರೆಂಟು ಏರುತ್ತದೆ, ಆದರೆ 20 ಮುಟ್ಟದೆ ಇರಬಹುದು. ಫ್ಯೂಸು ಸುಮ್ಮನಿರುತ್ತದೆ, ಮೋಟಾರು ಸುಡುತ್ತದೆ. ಪಂಪಿನ ಮೇಲೆ ಬರೆದ ಫ್ಯೂಸನ್ನೇ ಹಾಕಿ. ನೀರು ಏರಿದಾಗ ಪಂಪನ್ನು ತಾನೇ ಓಡಿಸುವ ಫ್ಲೋಟ್ ಸ್ವಿಚ್ಚಿನ ಲೈನು ಮೇನ್ ಸ್ವಿಚ್ಚಿನ ಮೂಲಕ ಹೋಗದೆ ನೇರ ಬ್ಯಾಟರಿಯಿಂದ, ತನ್ನದೇ ಫ್ಯೂಸಿನೊಂದಿಗೆ ಬರಲಿ. ಬೋಟು ದಡದಲ್ಲಿ ಕಟ್ಟಿದ್ದಾಗಲೂ ಮಳೆ ನೀರು ತುಂಬುತ್ತದಲ್ಲ.

500 ವ್ಯಾಟ್ ಇನ್ವರ್ಟರ್ ತನ್ನೊಳಗಿನ ನಷ್ಟವೂ ಸೇರಿ 11 ವೋಲ್ಟಿನಲ್ಲಿ 53 ಆಂಪ್ಸ್‌ವರೆಗೂ ಎಳೆಯುತ್ತದೆ. 16 ಸ್ಕ್ವೇರ್ ಎಂಎಂ ಕೇಬಲು, 70 ಆಂಪ್ಸ್ ಫ್ಯೂಸು.

ಫ್ಯೂಸು ಬ್ಯಾಟರಿಯ ಪ್ಲಸ್ಸಿನಿಂದ 18 ಸೆಂಟಿಮೀಟರ್ ಒಳಗೇ ಇರಲಿ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡು ವಯರನ್ನು ಕಾಯಲು ಯಾರೂ ಇಲ್ಲ. ಸ್ಟಾರ್ಟರ್ ಕೇಬಲಿಗೆ ಸಾಮಾನ್ಯವಾಗಿ ಫ್ಯೂಸು ಹಾಕುವುದಿಲ್ಲ, ಆದ್ದರಿಂದ ಅದು ಕಬ್ಬಿಣದ ಅಂಚಿಗೆ ಉಜ್ಜದಂತೆ ಪೈಪಿನೊಳಗೆ ಹೋಗಬೇಕು. ಬ್ಯಾಟರಿಯ ಬುಡದ ಮೇನ್ ಫ್ಯೂಸಿಗೆ ಕಾರಿನ ಬ್ಲೇಡ್ ಫ್ಯೂಸು ಸಾಲದು: ದೊಡ್ಡ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪ್ಸ್ ಹರಿಯುತ್ತದೆ, ಬ್ಲೇಡ್ ಫ್ಯೂಸು ತಡೆಯುವುದು ಸಾಮಾನ್ಯವಾಗಿ 1,000ದವರೆಗೆ. ಅಲ್ಲಿಗೆ ಇನ್ನೂ ಹೆಚ್ಚು ಕರೆಂಟು ತಡೆಯುವ ಫ್ಯೂಸು ಬೇಕು: ಎಎನ್‌ಎಲ್, ಲಿಥಿಯಂ ಬ್ಯಾಟರಿಯಾದರೆ ಕ್ಲಾಸ್ ಟಿ.

ಮನೆಯಲ್ಲಿ ಉಳಿದ ಎಂಸಿಬಿಯನ್ನು (ಮನೆಯ ಬ್ರೇಕರನ್ನು) ಬೋಟಿಗೆ ತಂದು ಕೂರಿಸುವವರಿದ್ದಾರೆ. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಆಗ ಬ್ರೇಕರ್ ಬಿಡುವಾಗಿನ ಕಿಡಿ ತಾನಾಗಿ ಆರುತ್ತದೆ. ಬ್ಯಾಟರಿಯ ಡಿಸಿಯಲ್ಲಿ ಆ ಬಿಡುವೇ ಇಲ್ಲ. ಬ್ರೇಕರಿನ ಮೇಲೆ ಡಿಸಿ ವೋಲ್ಟೇಜು ಬರೆದಿದ್ದರೆ ಮಾತ್ರ ತನ್ನಿ. ಪ್ಲಸ್, ಮೈನಸ್ ಗುರುತು ಇದ್ದರೆ ತಿರುಗಿಸಿ ಹಾಕಬೇಡಿ.

ಗಾಜಿನ ಫ್ಯೂಸಿನ ಹೋಲ್ಡರಿನಲ್ಲಿ ಒಂದೇ ಮಳೆಗಾಲಕ್ಕೆ ಹಸಿರು ಕಿಲುಬು ಬರುತ್ತದೆ. ಮುಚ್ಚಳವಿರುವ ಬ್ಲೇಡ್ ಹೋಲ್ಡರು, ತವರ ಲೇಪಿಸಿದ ವಯರು, ವಯರಿನ ತುದಿಗೆ ಸರಿಯಾಗಿ ಒತ್ತಿದ ಲಗ್ಗು (ಲೋಹದ ಕೊಂಡಿ) ಇದಕ್ಕೆ ಮದ್ದು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಅರ್ಧ ಗಂಟೆ ಓಡಿಸಿ, ಒಂದೊಂದೇ ಹೋಲ್ಡರ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಲಗ್ಗು ಸಡಿಲ, ಬಿಚ್ಚಿ ಮತ್ತೆ ಒತ್ತಿ. ಫ್ಯೂಸು ಎರಡನೇ ಸಲವೂ ಹಾರಿದರೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವುದು ಬೇಡ, ಆ ಲೈನನ್ನು ಬಿಚ್ಚಿ ಶಾರ್ಟ್ ಹುಡುಕಿ.